ಪುಸ್ತಕ ತೆಗೆದರೆ ಮೊದಲು ಕೇಳಿ: ಆದೇಶ ಎಲ್ಲಿದೆ?

ಮುಂಬಯಿ ವಿಶ್ವವಿದ್ಯಾಲಯದ ದ್ವಿತೀಯ ಬಿ.ಎ. ಇಂಗ್ಲಿಷ್ ವಿದ್ಯಾರ್ಥಿಗಳು 2010ರವರೆಗೆ ರೋಹಿಂಟನ್ ಮಿಸ್ತ್ರಿಯವರ ‘ಸಚ್ ಎ ಲಾಂಗ್ ಜರ್ನಿ’ ಕಾದಂಬರಿಯನ್ನು ಪಠ್ಯವಾಗಿ ಓದುತ್ತಿದ್ದರು. 1971ರ ಮುಂಬಯಿಯ ಪಾರ್ಸಿ ಕುಟುಂಬವೊಂದರ ಕಥೆ ಅದು. 1991ರಲ್ಲಿ ಪ್ರಕಟವಾಗಿ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೂ ಹೋಗಿತ್ತು. ಅದರಲ್ಲಿ ಶಿವಸೇನೆಯನ್ನೂ ಮರಾಠಿಗರನ್ನೂ ಹೀಯಾಳಿಸುವ ಮಾತುಗಳಿವೆ ಎಂದು ಶಿವಸೇನೆಯ ವಿದ್ಯಾರ್ಥಿ ಸಂಘಟನೆಯಾದ ಭಾರತೀಯ ವಿದ್ಯಾರ್ಥಿ ಸೇನೆ ದೂರಿತು, ಪ್ರತಿಗಳನ್ನು ಸುಟ್ಟಿತು. ಮುಂದಾಳಾಗಿದ್ದ ಆದಿತ್ಯ ಠಾಕ್ರೆ ಆಗ ಸೇಂಟ್ ಝೇವಿಯರ್ಸ್ ಕಾಲೇಜಿನ ವಿದ್ಯಾರ್ಥಿ. ದೂರು ಬಂದ ಬೆನ್ನಿಗೇ ಕುಲಪತಿ ರಾಜನ್ ವೇಳುಕರ್ ಅವರು ತಮ್ಮ ತುರ್ತು ಅಧಿಕಾರ ಬಳಸಿ ಕಾದಂಬರಿಯನ್ನು ಪಠ್ಯಕ್ರಮದಿಂದ ತೆಗೆದರು.

ತುರ್ತು ಅಧಿಕಾರ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಿಶ್ವವಿದ್ಯಾಲಯದಲ್ಲಿ ಯಾವ ಪುಸ್ತಕ ಪಠ್ಯವಾಗಬೇಕೆಂದು ಆರಿಸುವುದು ಆಯಾ ವಿಷಯದ ಅಧ್ಯಯನ ಮಂಡಳಿ. ಅದಕ್ಕೆ ಒಪ್ಪಿಗೆ ಕೊಡುವುದು ಅಕಾಡೆಮಿಕ್ ಕೌನ್ಸಿಲ್. ಅಂದು ಜಾರಿಯಲ್ಲಿದ್ದ 1994ರ ಮಹಾರಾಷ್ಟ್ರ ವಿಶ್ವವಿದ್ಯಾಲಯಗಳ ಕಾಯ್ದೆಯ 14(7)ನೇ ಕಲಮು, ಕೂಡಲೇ ಕ್ರಮ ಕೈಗೊಳ್ಳಲೇಬೇಕಾದ ಪರಿಸ್ಥಿತಿ ಇದ್ದರೆ ಈ ಮಂಡಳಿಗಳಿಗೆ ಕಾಯದೆ ಮುಂದುವರಿಯುವ ಅಧಿಕಾರವನ್ನು ಕುಲಪತಿಗೆ ಕೊಟ್ಟಿತ್ತು. ಜೊತೆಗೆ ಎರಡು ಕರಾರುಗಳಿದ್ದವು. ಕಾರಣವನ್ನು ಬರೆದಿಡಬೇಕು, ಆದಷ್ಟು ಬೇಗ ಅದನ್ನು ಸಂಬಂಧಪಟ್ಟ ಮಂಡಳಿಗೆ ಲಿಖಿತವಾಗಿ ತಿಳಿಸಬೇಕು. ಪುಸ್ತಕದ ಪರ ನಿಲ್ಲುವವರಿಗೆ ಹಿಡಿತ ಸಿಗುವುದು ಇಲ್ಲಿಯೇ. ಎಷ್ಟೋ ವರ್ಷಗಳಿಂದ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಕಾದಂಬರಿ ಏಕಾಏಕಿ ತುರ್ತುಪರಿಸ್ಥಿತಿ ಆದದ್ದು ಹೇಗೆ ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಕೇಳುವ ಹಕ್ಕು ಮಂಡಳಿಯ ಪ್ರತಿ ಸದಸ್ಯರಿಗೂ ಇರುತ್ತದೆ.

ಆಗ ಇಂಗ್ಲಿಷ್ ಅಧ್ಯಾಪಕರು ಪ್ರತಿಭಟಿಸಿದರು, ಸಹಿ ಸಂಗ್ರಹವಾಯಿತು, ಓದುಗರು ಸೇರಿ ಕಾದಂಬರಿಯ ಭಾಗಗಳನ್ನು ಗಟ್ಟಿಯಾಗಿ ಓದಿದರು. ಎಲ್ಲಕ್ಕಿಂತ ಮುಖ್ಯವಾಗಿ, ಝೇವಿಯರ್ಸ್ ಕಾಲೇಜಿನ ಪ್ರಾಂಶುಪಾಲ ಫಾದರ್ ಫ್ರೇಜರ್ ಮಸ್ಕರೇನ್ಹಸ್ ಬಹಿರಂಗವಾಗಿ ವಿರೋಧಿಸಿದರು. ತನ್ನದೇ ಕಾಲೇಜಿನ ಹುಡುಗ ಮುಂದಾಳಾಗಿರುವಾಗ ಪ್ರಾಂಶುಪಾಲರೊಬ್ಬರು ಹೀಗೆ ಎದ್ದು ನಿಲ್ಲುವುದು ಸಣ್ಣ ಮಾತಲ್ಲ. ಆದರೂ ಆ ವರ್ಷದ ವಿದ್ಯಾರ್ಥಿಗಳಿಗೆ ಪುಸ್ತಕ ಮರಳಿ ಸಿಗಲಿಲ್ಲ. ಅಂಗಡಿಯಲ್ಲಿ ಕೊಳ್ಳುವುದಕ್ಕೆ ಅಡ್ಡಿ ಇರಲಿಲ್ಲ, ಪರೀಕ್ಷೆಗೆ ಓದುವಂತಿರಲಿಲ್ಲ.

ಇದು ನಿಷೇಧದ ಒಂದು ಬಗೆ. ಸರ್ಕಾರವೇ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಇನ್ನೊಂದು ಬಗೆ. ಅದರ ದಾರಿ ಪೂರ್ತಿ ಬೇರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿದ್ದ ಈ ಅಧಿಕಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿಗೆ ಬಂದಿದೆ. ಸಮುದಾಯಗಳ ನಡುವೆ ದ್ವೇಷ, ಧಾರ್ಮಿಕ ಭಾವನೆಗೆ ಘಾಸಿ, ಅಶ್ಲೀಲತೆ ಮುಂತಾದ ಅಪರಾಧಗಳ ವ್ಯಾಪ್ತಿಗೆ ಪುಸ್ತಕ ಬರುತ್ತದೆಂದು ರಾಜ್ಯ ಸರ್ಕಾರಕ್ಕೆ ಕಂಡರೆ ಅಧಿಸೂಚನೆ ಹೊರಡಿಸಬಹುದು. ಆಮೇಲೆ ಅದರ ಪ್ರತಿಯೊಂದು ಪ್ರತಿಯೂ ಸರ್ಕಾರದ ಸ್ವತ್ತು. ಭಾರತದಲ್ಲಿ ಎಲ್ಲಿ ಸಿಕ್ಕರೂ ಪೊಲೀಸರು ವಶಪಡಿಸಿಕೊಳ್ಳಬಹುದು, ಗ್ರಂಥಾಲಯದ ಕಪಾಟಿನಿಂದಲೂ.

ಆದರೆ ಅದೇ ಕಲಮು ಸರ್ಕಾರಕ್ಕೂ ಒಂದು ಕಟ್ಟು ಹಾಕಿದೆ. ತನ್ನ ಅಭಿಪ್ರಾಯಕ್ಕೆ ಆಧಾರವೇನು ಎಂಬುದನ್ನು ಅಧಿಸೂಚನೆಯಲ್ಲಿ ಹೇಳಲೇಬೇಕು. ಮುಂದಿನ 99ನೇ ಕಲಮು ನಮ್ಮ ಕೈಗೆ ಬರುವ ಆಯುಧ: ಆ ಪುಸ್ತಕದಲ್ಲಿ ‘ಯಾವುದೇ ಹಿತಾಸಕ್ತಿ’ ಇರುವ ಯಾರೇ ಆಗಲಿ, ಗೆಜೆಟ್‌ನಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ಆಲಿಸುತ್ತದೆ. ಈ ಎರಡು ತಿಂಗಳ ಲೆಕ್ಕವನ್ನು ಮರೆತವರು ಬಹಳ. ಪತ್ರಿಕೆಯಲ್ಲಿ ಸುದ್ದಿ ಬಂದ ದಿನದಿಂದ ಲೆಕ್ಕ ಹಿಡಿಯಬೇಡಿ, ಗೆಜೆಟ್ ತೆಗೆದು ನೋಡಿ.

ಈ ಕಾನೂನಿಗೆ ಜೀವ ತುಂಬಿದ್ದು ಮುಂಬಯಿಯವರೇ. ಜೇಮ್ಸ್ ಲೇನ್ ಅವರ ‘ಶಿವಾಜಿ: ಹಿಂದೂ ಕಿಂಗ್ ಇನ್ ಇಸ್ಲಾಮಿಕ್ ಇಂಡಿಯಾ’ 2003ರಲ್ಲಿ ಬಂತು. ಅದರ ಕೆಲವು ಸಾಲುಗಳಿಗೆ ಆಕ್ಷೇಪ ಎದ್ದಾಗ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಆ ವರ್ಷವೇ ಭಾರತದಲ್ಲಿ ಪುಸ್ತಕವನ್ನು ಹಿಂತೆಗೆದುಕೊಂಡಿತು. ಅಷ್ಟಕ್ಕೇ ನಿಲ್ಲಲಿಲ್ಲ. 2004ರ ಜನವರಿ 5ರಂದು ಸಂಭಾಜಿ ಬ್ರಿಗೇಡಿನವರು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕೆ ನುಗ್ಗಿ ಹಳೆಯ ಗ್ರಂಥಗಳನ್ನೂ ವಸ್ತುಗಳನ್ನೂ ಹಾಳುಮಾಡಿದರು. ಮಂದಿರ ಮಾಡಿದ ತಪ್ಪೇನು? ಲೇಖಕರು ಅಲ್ಲಿ ಕುಳಿತು ಓದಿದ್ದರು, ಅಷ್ಟೇ. ಆಮೇಲೆ ರಾಜ್ಯ ಸರ್ಕಾರ ಪುಸ್ತಕವನ್ನು ನಿಷೇಧಿಸಿತು.

ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದು ಲೇಖಕರಲ್ಲ, ಪ್ರಕಾಶಕರಲ್ಲ, ಪುಸ್ತಕದ ಅಂಗಡಿಯವರೂ ಅಲ್ಲ. ವಕೀಲ ಸಂಘರಾಜ್ ರೂಪವತೆ, ಸಾಕ್ಷ್ಯಚಿತ್ರ ನಿರ್ದೇಶಕ ಆನಂದ್ ಪಟವರ್ಧನ್ ಮತ್ತು ಸಾಮಾಜಿಕ ಕಾರ್ಯಕರ್ತೆ ಕುಂದಾ ಪ್ರಮಿಳಾ. ಮೂವರೂ ಓದುಗರು. 2007ರ ಏಪ್ರಿಲ್ 26ರಂದು ಬಾಂಬೆ ಹೈಕೋರ್ಟು ನಿಷೇಧವನ್ನು ರದ್ದುಮಾಡಿತು. 2010ರ ಜುಲೈ 9ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಗೆದ್ದದ್ದು ಯಾವ ಅಂಶದ ಮೇಲೆ ಎಂಬುದನ್ನು ನೋಡಿ: ಪುಸ್ತಕ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುತ್ತದೆ ಎಂದು ಅಧಿಸೂಚನೆ ಹೇಳಿತ್ತು, ಯಾವ ಯಾವ ಸಮುದಾಯಗಳ ನಡುವೆ ಎಂದು ಹೇಳಿರಲಿಲ್ಲ. ಆಧಾರವಿಲ್ಲದ ಆದೇಶ ನಿಲ್ಲಲಿಲ್ಲ.

ಎಲ್ಲ ಬಾರಿಯೂ ಹೀಗಾಗುವುದಿಲ್ಲ ಎಂಬುದನ್ನು ಕನ್ನಡಿಗರಾದ ನಾವು ಚೆನ್ನಾಗಿ ಬಲ್ಲೆವು. ಬಾಂಬೆ ಹೈಕೋರ್ಟಿನ ಆ ತೀರ್ಪು ಬಂದು ಒಂದು ವಾರ ಕಳೆಯುವ ಮೊದಲೇ, 2007ರ ಮೇ 2ರಂದು, ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯ ಮುಟ್ಟುಗೋಲನ್ನು ಸುಪ್ರೀಂ ಕೋರ್ಟು ಸರಿ ಎಂದಿತು. ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಿದ್ದ ಕಾದಂಬರಿಯನ್ನು ಕರ್ನಾಟಕ ಸರ್ಕಾರವೇ ಮುಟ್ಟುಗೋಲು ಹಾಕಿಕೊಂಡಿತ್ತು. ಅದರ ವಿರುದ್ಧ ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. 2010ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಕೂಡ, ಇಸ್ಲಾಂ ಕುರಿತು ಆರ್.ವಿ. ಭಸಿನ್ ಬರೆದ ಪುಸ್ತಕದ ಮೇಲಿನ ನಿಷೇಧವನ್ನು ಉಳಿಸಿತು. ನ್ಯಾಯಾಲಯಕ್ಕೆ ಹೋಗುವವರು ಗೆಲುವು ಖಚಿತ ಎಂದುಕೊಂಡು ಹೋಗಬಾರದು. ಸರ್ಕಾರದ ಬಾಯಿಂದ ಕಾರಣ ಹೊರಡಿಸುವುದೇ ಅರ್ಧ ಕೆಲಸ ಎಂದುಕೊಂಡು ಹೋಗಬೇಕು.

ಗೆದ್ದರೂ ಪುಸ್ತಕ ಕೈಗೆ ಬರುವುದೆಂಬ ಭರವಸೆ ಇಲ್ಲ. ನಿಷೇಧ ರದ್ದಾದರೂ, ಮುದ್ರಿಸು ಎಂದು ಪ್ರಕಾಶಕರನ್ನು ನ್ಯಾಯಾಲಯ ಒತ್ತಾಯಿಸುವುದಿಲ್ಲ. ಮಾರುವವರ ಭಯಕ್ಕೂ ಈ ಊರಿನಲ್ಲಿ ಹಳೆಯ ಕಾರಣವಿದೆ. ‘ಲೇಡಿ ಚಾಟರ್ಲೀಸ್ ಲವರ್’ ಮಾರಿದ್ದಕ್ಕೆ ಮುಂಬಯಿಯ ಹ್ಯಾಪಿ ಬುಕ್ ಸ್ಟಾಲಿನ ಪಾಲುದಾರರಿಗೆ ದಂಡವಾಯಿತು. ಅವರ ಪರ ಮುಲ್ಕ್ ರಾಜ್ ಆನಂದ್ ಸಾಕ್ಷಿ ಹೇಳಿದ್ದರು. 1964ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಖಾಯಂ ಮಾಡಿತು. ದಂಡ 20 ರೂಪಾಯಿ, ಆದರೆ ಅಲೆದಾಟ ಸುಮಾರು ಐದು ವರ್ಷದ್ದು. ಮುಂಬಯಿಯಲ್ಲೇ ಹುಟ್ಟಿದ ಸಲ್ಮಾನ್ ರಶ್ದಿಯವರ ‘ದ ಸಟಾನಿಕ್ ವರ್ಸಸ್’ ಕಥೆಯಂತೂ ಇನ್ನೂ ವಿಚಿತ್ರ. 1988ರಲ್ಲಿ ಅದರ ಆಮದನ್ನು ನಿಷೇಧಿಸಿದ ಕಸ್ಟಮ್ಸ್ ಅಧಿಸೂಚನೆಯನ್ನು ತೋರಿಸಿ ಎಂದು ಓದುಗರೊಬ್ಬರು ದೆಹಲಿ ಹೈಕೋರ್ಟಿನಲ್ಲಿ ಕೇಳಿದರು. ಯಾವ ಇಲಾಖೆಯೂ ತೋರಿಸಲಾರದೆ ಹೋಯಿತು. ಅಂಥ ಅಧಿಸೂಚನೆಯೇ ಇಲ್ಲವೆಂದು ಭಾವಿಸಬೇಕಾಗುತ್ತದೆ ಎಂದು 2024ರ ನವೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು. ಮೂವತ್ತಾರು ವರ್ಷ ಎಲ್ಲರೂ ತಲೆಬಾಗಿದ ಕಾಗದ ಕೇಳಿದಾಗ ಸಿಗಲಿಲ್ಲ.

ನ್ಯಾಯಾಲಯದ ಹೊರಗೆ ಜನ ಸೇರಿ ಪುಸ್ತಕ ಉಳಿಸಿಕೊಂಡ ದೊಡ್ಡ ಉದಾಹರಣೆಯೂ ಮುಂಬಯಿಯದೇ. ಅಂಬೇಡ್ಕರ್ ಅವರ ಬರಹ ಮತ್ತು ಭಾಷಣಗಳ ಸಂಪುಟಗಳನ್ನು ಮಹಾರಾಷ್ಟ್ರ ಸರ್ಕಾರದ ಶಿಕ್ಷಣ ಇಲಾಖೆ ವಸಂತ ಮೂನ್ ಅವರ ಸಂಪಾದಕತ್ವದಲ್ಲಿ ತರುತ್ತಿತ್ತು. 1987ರಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ‘ರಿಡಲ್ಸ್ ಇನ್ ಹಿಂದೂಯಿಸಂ’ ಇತ್ತು. ರಾಮ, ಕೃಷ್ಣರ ಕುರಿತ ಅದರ ಅನುಬಂಧವನ್ನು ಕಿತ್ತುಹಾಕಬೇಕೆಂದು ಶಿವಸೇನೆ ಮತ್ತಿತರರು ಪಟ್ಟುಹಿಡಿದರು, ಸಂಪುಟದ ಪ್ರತಿಗಳನ್ನು ಸುಡಲಾಯಿತು. ಸರ್ಕಾರ ಮೆತ್ತಗಾಗತೊಡಗಿತು. ಆಗ, 1988ರ ಫೆಬ್ರವರಿ 5ರಂದು, ದಲಿತ ಸಂಘಟನೆಗಳ ಕರೆಗೆ ಲಕ್ಷಗಟ್ಟಲೆ ಜನ ಮುಂಬಯಿಯ ರಸ್ತೆಗಿಳಿದರು. ಗುಂಪು ಗುಂಪಾಗಿ ಒಡೆದುಹೋಗಿದ್ದ ಪಕ್ಷಗಳು ಅಂದು ಒಟ್ಟಾದವು. ಬಂದವರೆಲ್ಲರೂ ಆ ಇಂಗ್ಲಿಷ್ ಸಂಪುಟ ಓದಿದವರಾಗಿರಲಿಕ್ಕಿಲ್ಲ, ಆದರೆ ಬಾಬಾಸಾಹೇಬರು ಬರೆದದ್ದನ್ನು ಇನ್ನೊಬ್ಬರು ಕತ್ತರಿಸುವಂತಿಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು. ಕೊನೆಗೆ ಒಪ್ಪಂದವಾಯಿತು: ಒಂದು ಅಕ್ಷರವೂ ಹೋಗುವುದಿಲ್ಲ, ಆ ಭಾಗದ ಅಭಿಪ್ರಾಯಕ್ಕೆ ಸರ್ಕಾರದ ಸಹಮತವಿಲ್ಲ ಎಂಬ ಟಿಪ್ಪಣಿ ಮಾತ್ರ ಸೇರುತ್ತದೆ. ಇಂದಿಗೂ ಆ ಸಂಪುಟ ತೆರೆದರೆ ಅನುಬಂಧವೂ ಇದೆ, ಟಿಪ್ಪಣಿಯೂ ಇದೆ. ನನ್ನ ಮಟ್ಟಿಗೆ ಶಾಲೆ, ಗ್ರಂಥಾಲಯಗಳ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಒಪ್ಪದವರು ತಮ್ಮ ಮಾತನ್ನು ಬರೆದು ಸೇರಿಸಲಿ, ಬರೆದವರ ಮಾತು ಹಾಗೇ ಇರಲಿ.

ಇವೆಲ್ಲ ಸುದ್ದಿಯಾದ ಪ್ರಕರಣಗಳು. ನನ್ನನ್ನು ಹೆಚ್ಚು ಕಾಡುವುದು ಸದ್ದಿಲ್ಲದೆ ನಡೆಯುವುದು. ಯಾರೋ ಒಬ್ಬರು ಬಂದು ಗ್ರಂಥಪಾಲಕರ ಮೇಜಿನ ಮೇಲೆ ಪುಸ್ತಕ ಇಟ್ಟು “ಇದೇಕೆ ಇಟ್ಟಿದ್ದೀರಿ?” ಎನ್ನುತ್ತಾರೆ. ಗ್ರಂಥಪಾಲಕರು ಕಡಿಮೆ ಸಂಬಳದ ಒಬ್ಬಂಟಿ ಮನುಷ್ಯ. ಪುಸ್ತಕ ಕಪಾಟಿನಿಂದ ಬೀರುವಿಗೆ, ಬೀರುವಿನಿಂದ ರದ್ದಿಗೆ ಹೋಗುತ್ತದೆ. ಇದರ ಜಾಡು ಉಳಿಯುವುದು ಒಂದೇ ಕಡೆ, ಆಕ್ಸೆಶನ್ ರಿಜಿಸ್ಟರಿನಲ್ಲಿ. ಉದ್ದನೆಯ ಆ ಪುಸ್ತಕದಲ್ಲಿ ದಿನಾಂಕ, ಕ್ರಮಸಂಖ್ಯೆ, ಲೇಖಕ, ಶೀರ್ಷಿಕೆ, ಪ್ರಕಾಶಕ, ಬೆಲೆ ಎಂದು ಅಂಕಣಗಳಿರುತ್ತವೆ, ಕೊನೆಯದು ಷರಾ. ಹೊರಹೋದ ಪುಸ್ತಕದ ಮುಂದೆ ‘ಜೀರ್ಣ’, ‘ಕಳೆದಿದೆ’, ‘ರದ್ದು’ ಎಂದು ಷರಾ ಬರೆದು ಸಹಿ ಹಾಕಬೇಕು. ಎರಡು ವರ್ಷದ ಹಿಂದೆ ಕೊಂಡ ಪುಸ್ತಕದ ಮುಂದೆ ‘ಜೀರ್ಣ’ ಎಂದಿದ್ದರೆ ಪ್ರಶ್ನೆ ಕೇಳಲೇಬೇಕು.

ಕೇಳುವುದು ಹೇಗೆ? ಮುನ್ಸಿಪಾಲಿಟಿ ಶಾಲೆ, ಅನುದಾನಿತ ಕಾಲೇಜು, ವಿಶ್ವವಿದ್ಯಾಲಯ, ಸರ್ಕಾರಿ ಗ್ರಂಥಾಲಯಗಳಾದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯಬೇಕು, ಕನ್ನಡದ್ದು ಅಲ್ಲಿ ನಡೆಯುವುದಿಲ್ಲ. “ಏಕೆ ತೆಗೆದಿರಿ?” ಎಂದು ಕೇಳಬೇಡಿ. ‘ಏಕೆ’ ಎಂಬುದಕ್ಕೆ ಉತ್ತರ ಕೊಡುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲೇ ಹೇಳಿದೆ, ಅಧಿಕಾರಿಗಳು ಅದನ್ನೇ ಹಿಡಿದು ಅರ್ಜಿ ತಳ್ಳಿಹಾಕುತ್ತಾರೆ. ಕಾಗದ ಕೇಳಿ. ಇಂಥ ಪುಸ್ತಕವನ್ನು ತೆಗೆದ ಆದೇಶದ ನಕಲು, ಬಂದ ದೂರಿನ ನಕಲು, ಚರ್ಚೆ ನಡೆದ ಸಭೆಯ ನಡಾವಳಿ, ರಿಜಿಸ್ಟರಿನ ಆ ಪುಟದ ಜೆರಾಕ್ಸ್. “ಇಂಥ ದಾಖಲೆ ಇಲ್ಲ” ಎಂಬ ಉತ್ತರ ಬಂದರೆ ಬೇಸರಪಡಬೇಡಿ, ಅದಕ್ಕಿಂತ ಬಲವಾದ ಪುರಾವೆ ಬೇರೆ ಬೇಕಿಲ್ಲ. ಆದೇಶವೇ ಇಲ್ಲದಿದ್ದರೆ ಪುಸ್ತಕ ಕಪಾಟಿಗೆ ಮರಳಬೇಕು. ಅದನ್ನು ಮುಖ್ಯೋಪಾಧ್ಯಾಯರಿಗೋ ಸಮಿತಿಗೋ ಪತ್ರ ಬರೆದು ತಿಳಿಸಿ, ಒಬ್ಬರೇ ಬರೆಯದೆ ಹತ್ತು ಪಾಲಕರು ಸಹಿ ಮಾಡಿ ಕೊಡಿ. ಗ್ರಂಥಪಾಲಕರ ಹೆಸರನ್ನು ಬೈಗುಳದಲ್ಲಿ ಎಳೆಯಬೇಡಿ. ಅವರು ನಮ್ಮ ಕಡೆಯವರು, ನಾವು ಜೊತೆಗಿದ್ದೇವೆ ಎಂದು ಗೊತ್ತಾದರೆ ಗಟ್ಟಿಯಾಗಿ ನಿಲ್ಲುತ್ತಾರೆ.

ನಮ್ಮ ಕನ್ನಡ ಸಂಘಗಳ ಗ್ರಂಥಾಲಯಗಳಿಗೆ ಮಾಹಿತಿ ಹಕ್ಕು ಅನ್ವಯಿಸದಿರಬಹುದು. ಅಲ್ಲಿ ಸದಸ್ಯತ್ವವೇ ಹಕ್ಕು. ಮಾಟುಂಗ, ಮಾಹಿಮ್, ಗೋರೆಗಾಂವ್, ಡೊಂಬಿವಲಿ, ಎಲ್ಲೇ ಇರಲಿ, ಕನ್ನಡದ ಒಂದು ಹಳೆಯ ಪುಸ್ತಕದ ಒಂದೇ ಪ್ರತಿ ಈ ಇಡೀ ಮಹಾನಗರದಲ್ಲಿ ಉಳಿದಿರುವುದುಂಟು. ಮರಾಠಿ ಪುಸ್ತಕ ದಾದರಿನಲ್ಲಿ ಸಿಗದಿದ್ದರೆ ಠಾಣೆಯಲ್ಲಿ ಸಿಕ್ಕೀತು. ನಮ್ಮದು ಹೋದರೆ ಬೆಂಗಳೂರಿನ ರೈಲು ಹತ್ತಬೇಕು. ಹಾಗಾಗಿ ಯಾರದೋ ಒಂದು ಮುನಿಸಿಗೆ ಇಲ್ಲಿಂದ ಒಂದು ಪುಸ್ತಕ ಹೊರಬಿದ್ದರೆ ಮುಂಬಯಿ ಕನ್ನಡಿಗರ ಪಾಲಿಗೆ ಅದು ಪೂರ್ಣ ನಿಷೇಧವೇ.

ಮುಂದಿನ ವಾರ್ಷಿಕ ಮಹಾಸಭೆಯ ನೋಟಿಸು ಬಂದಾಗ ದಯವಿಟ್ಟು ಹೋಗಿ. ಎರಡು ನಿರ್ಣಯಗಳನ್ನು ಮಂಡಿಸಿ: ಲಿಖಿತ ದೂರಿಲ್ಲದೆ, ಪುಸ್ತಕವನ್ನು ಪೂರ್ತಿ ಓದಿದ ಕನಿಷ್ಠ ಮೂವರ ಲಿಖಿತ ಅಭಿಪ್ರಾಯವಿಲ್ಲದೆ ಯಾವ ಪುಸ್ತಕವನ್ನೂ ತೆಗೆಯಬಾರದು, ರದ್ದುಮಾಡುವ ಪುಸ್ತಕಗಳ ಪಟ್ಟಿಯನ್ನು ಒಂದು ತಿಂಗಳು ನೋಟಿಸ್ ಬೋರ್ಡಿಗೆ ಹಾಕಬೇಕು. ಪುಸ್ತಕ ಸಮಿತಿಗೆ ನಿಮ್ಮ ಹೆಸರನ್ನೂ ಕೊಟ್ಟು ಬನ್ನಿ.