ಅಂತರರಾಜ್ಯ ಹೆದ್ದಾರಿ 80 ಮತ್ತು 70: ಪಶ್ಚಿಮದ ಮಾರ್ಗಗಳ ಹೋಲಿಕೆ

ಅಂತರರಾಜ್ಯ ಹೆದ್ದಾರಿ 80 (ಐ-80) ಮತ್ತು ಅಂತರರಾಜ್ಯ ಹೆದ್ದಾರಿ 70 (ಐ-70) ಅಮೇರಿಕ ಸಂಯುಕ್ತ ಸಂಸ್ಥಾನದ ರಾಕಿ ಪರ್ವತಶ್ರೇಣಿಯನ್ನು ದಾಟುವ ಎರಡು ಪ್ರಮುಖ ಹೆದ್ದಾರಿಗಳು. 1956ರ ಕಾಯಿದೆಯಿಂದ ರೂಪುಗೊಂಡ ಈ ವ್ಯವಸ್ಥೆಯಲ್ಲಿ ಪೂರ್ವ-ಪಶ್ಚಿಮ ರಸ್ತೆಗಳಿಗೆ ಸಮಸಂಖ್ಯೆಗಳಿವೆ. ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಸಂಖ್ಯೆ ಹೆಚ್ಚುತ್ತದೆ. ಆದುದರಿಂದ 80 ಉತ್ತರದ ದಾರಿ, 70 ದಕ್ಷಿಣದ ದಾರಿ. ಷಿಕಾಗೋ ಕಡೆಯಿಂದ ಐ-80ರಲ್ಲಿ ಬರುವವರಿಗೆ ನೆಬ್ರಾಸ್ಕದ ಬಿಗ್ ಸ್ಪ್ರಿಂಗ್ಸ್ ಬಳಿ ಇವೆರಡರ ಆಯ್ಕೆ ಎದುರಾಗುತ್ತದೆ. ಅಲ್ಲಿಂದ ಐ-76 ಹಿಡಿದರೆ ಡೆನ್ವರ್ ಮೂಲಕ ಐ-70ನ್ನು ಸೇರಬಹುದು.

ಐ-80 ಸ್ಯಾನ್ ಫ್ರಾನ್ಸಿಸ್ಕೋ ತನಕ ನೇರವಾಗಿ ಸಾಗುತ್ತದೆ. ಐ-70 ಸಮುದ್ರವನ್ನು ಮುಟ್ಟುವುದಿಲ್ಲ. ಯೂಟಾ ರಾಜ್ಯದ ಕೋವ್ ಫೋರ್ಟ್ ಬಳಿ ಐ-15ರಲ್ಲಿ ಕೊನೆಗೊಳ್ಳುತ್ತದೆ. ಹೀಗಾಗಿ ಲಾಸ್ ವೇಗಸ್, ಲಾಸ್ ಏಂಜಲೀಸ್‌ಗಳಿಗೆ ಹೋಗುವವರಿಗೆ ಇದು ಅನುಕೂಲ.

ಭೂಲಕ್ಷಣ

ವಯೋಮಿಂಗ್‌ನಲ್ಲಿ ಐ-80ರ ಏರು ಸೌಮ್ಯವಾದುದು. ಅದರ ಅತ್ಯುನ್ನತ ಸ್ಥಳವಾದ ಷರ್ಮನ್ ಸಮ್ಮಿಟ್ (2,633 ಮೀ.) ಖಂಡದ ಜಲವಿಭಾಜಕದ ಮೇಲಿಲ್ಲವೆಂಬುದು ಗಮನಾರ್ಹ. ಜಲವಿಭಾಜಕವು ಇನ್ನೂ ಪಶ್ಚಿಮಕ್ಕೆ, ಒಂದು ವಿಶಾಲ ಒಳನಾಡು ಜಲಾನಯನವನ್ನು ಬಳಸಿಕೊಂಡು ಇಬ್ಭಾಗವಾಗಿದೆ. ಅಲ್ಲಿ ಬಿದ್ದ ನೀರು ಯಾವ ಸಾಗರಕ್ಕೂ ಹರಿಯುವುದಿಲ್ಲ.

ಐ-70 ಇದಕ್ಕೆ ತದ್ವಿರುದ್ಧ. ಜಲವಿಭಾಜಕದ ಅಡಿಯಲ್ಲಿ ಕೊರೆದಿರುವ ಐಸೆನ್‌ಹೋವರ್ ಸುರಂಗವು ಸುಮಾರು 3,400 ಮೀ. ಎತ್ತರದಲ್ಲಿದ್ದು, ಅಂತರರಾಜ್ಯ ಹೆದ್ದಾರಿಗಳಲ್ಲೇ ಅತ್ಯುನ್ನತ ಬಿಂದುವಾಗಿದೆ. ಮೊದಲ ಸುರಂಗ 1973ರಲ್ಲಿ, ಜೋಡಿ ಸುರಂಗ 1979ರಲ್ಲಿ ತೆರೆಯಿತು. ಅಪಾಯಕಾರಿ ಸರಕು ಹೊತ್ತ ಲಾರಿಗಳು ಸಾಮಾನ್ಯವಾಗಿ ಇಂದಿಗೂ ಲವ್‌ಲ್ಯಾಂಡ್ ಕಣಿವೆಮಾರ್ಗವನ್ನೇ ಹತ್ತಿಳಿಯಬೇಕು. ಮುಂದೆ ಕೊಲೊರಾಡೋ ನದಿಯ ಗ್ಲೆನ್‌ವುಡ್ ಕಮರಿಯಲ್ಲಿ ರಸ್ತೆ ಸೇತುವೆಗಳ ಮೇಲೆ ಸಾಗುತ್ತದೆ. 1992ರಲ್ಲಿ ಪೂರ್ಣಗೊಂಡ ಈ ಭಾಗ ಇಡೀ ಪ್ರಯಾಣದ ಸೊಗಸಾದ ಭಾಗವೆನ್ನಬಹುದು.

ಅಪಾಯಗಳು

ಸೌಮ್ಯವಾದ ಏರು ಎಂದರೆ ಸುರಕ್ಷಿತ ದಾರಿ ಎಂದಲ್ಲ. ಲಾರಮಿಯಿಂದ ಪಶ್ಚಿಮಕ್ಕೆ, ಎಲ್ಕ್ ಮೌಂಟನ್ ತಪ್ಪಲಿನಲ್ಲಿ 1970ರಲ್ಲಿ ತೆರೆದ ಭಾಗವು ಬಿರುಗಾಳಿಗೂ ಹಾರುವ ಹಿಮಕ್ಕೂ ಕುಖ್ಯಾತವಾಗಿದೆ. ಹಳೆಯ ಲಿಂಕನ್ ಹೆದ್ದಾರಿ ಉತ್ತರಕ್ಕೆ ಬಳಸಿ ಹೋಗುತ್ತಿತ್ತು. ಹೊಸ ದಾರಿಯ ಕುರಿತು ಸ್ಥಳೀಯರು ಮುಂಚೆಯೇ ಎಚ್ಚರಿಸಿದ್ದರು. ಚಳಿಗಾಲದಲ್ಲಿ ಇಲ್ಲಿ ಗೇಟುಗಳನ್ನು ಹಾಕಿ ರಸ್ತೆಯನ್ನು ಮುಚ್ಚುವುದು ಸಾಮಾನ್ಯ. ಗಾಳಿಗೆ ಖಾಲಿ ಲಾರಿಗಳು ಮಗುಚುವುದೂ ಉಂಟು.

ಐ-70ರಲ್ಲಿ ಬೇಸಿಗೆಯೂ ನಿಶ್ಚಿಂತೆಯದಲ್ಲ. 2020ರ ಕಾಳ್ಗಿಚ್ಚಿನಿಂದ ಬೋಳಾದ ಗ್ಲೆನ್‌ವುಡ್ ಇಳಿಜಾರುಗಳು 2021ರ ಮಳೆಯಲ್ಲಿ ಕುಸಿದು, ರಸ್ತೆ ಎರಡು ವಾರಗಳಷ್ಟು ಕಾಲ ಮುಚ್ಚಿತ್ತು. ಯೂಟಾದ ಗ್ರೀನ್ ರಿವರ್ ಮತ್ತು ಸಲೈನಾ ನಡುವಿನ ಸುಮಾರು 170 ಕಿ.ಮೀ. ಉದ್ದಕ್ಕೂ ಪೆಟ್ರೋಲ್ ಬಂಕ್ ಇಲ್ಲ. ಗ್ರೀನ್ ರಿವರ್‌ನಲ್ಲೇ ಟ್ಯಾಂಕ್ ತುಂಬಿಸಿ, ಕುಡಿಯುವ ನೀರನ್ನೂ ಜೊತೆಗಿಟ್ಟುಕೊಂಡು ಹೊರಡುವುದು ಅಗತ್ಯ.