‘ನಿಲ್ಲೋ, ನಾನಿನ್ನೂ ಕೆಳಗಿದ್ದೀನಿ!’

ಬೇಸಿಗೆ ರಜೆ ಬಂತೆಂದರೆ ಬಾಗೂರಿನ ನಮ್ಮ ಮನೆಯಲ್ಲಿ ಈ ಕೂಗು ದಿನಕ್ಕೆ ಹತ್ತು ಸಲವಾದರೂ ಕೇಳುತ್ತಿತ್ತು. ಕೂಗುತ್ತಿದ್ದವನು ನನ್ನ ಅಣ್ಣ. ಕೇಳಿಸಿದರೂ ಕೇಳಿಸದಂತೆ ಇರುತ್ತಿದ್ದವನು ನಾನು.

ಒಮ್ಮೆ ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕ ಖುಷಿಯಲ್ಲಿ ಅಪ್ಪ ಹೊಸದುರ್ಗದಿಂದ ಟಿವಿ ವಿಡಿಯೊ ಗೇಮ್ ತಂದಿದ್ದರು. ಎರಡು ರಿಮೋಟ್, ಒಂದು ಪ್ಲಾಸ್ಟಿಕ್ ಗನ್, ಒಂದು ಹಳದಿ ಕ್ಯಾಸೆಟ್. ಕ್ಯಾಸೆಟ್ ಮೇಲೆ ‘99999 ಇನ್ 1’ ಎಂದು ಬರೆದಿತ್ತು. ಎಣಿಸಿದರೆ ಇದ್ದದ್ದು ಹತ್ತು–ಹನ್ನೆರಡು ಆಟ. ಅವೇ ಬೇರೆ ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು. ಅದು 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ‘ಫ್ಯಾಮಿಕಾಂ’ ಯಂತ್ರದ ನಕಲು ಎಂದು ನಮಗೆ ಆಗ ಯಾರು ಹೇಳಬೇಕು? ಕ್ಯಾಸೆಟ್‌ನ ಬುಡಕ್ಕೆ ಉಫ್ ಎಂದು ಊದಿ ಸಿಕ್ಕಿಸಿದರೆ ಮಾರಿಯೊ ಬರಬೇಕು, ಕಾಂಟ್ರಾ ಬರಬೇಕು. ಅಷ್ಟೇ ನಮ್ಮ ಲೆಕ್ಕ.

ಕಾಂಟ್ರಾ ಆಡಿದವರಿಗೆ ಮೂರನೇ ಸ್ಟೇಜಿನ ಜಲಪಾತ ಮರೆಯುವುದಿಲ್ಲ. ಇಬ್ಬರೂ ಬಂಡೆಯಿಂದ ಬಂಡೆಗೆ ಹಾರುತ್ತಾ ಮೇಲೇರಬೇಕು. ಒಬ್ಬ ಆತುರಪಟ್ಟು ಹತ್ತಿಬಿಟ್ಟರೆ ಪರದೆಯೂ ಅವನ ಜೊತೆ ಮೇಲೆ ಸರಿಯುತ್ತದೆ. ಕೆಳಗೆ ಉಳಿದವನು ಯಾವ ಗುಂಡೂ ತಾಗದೆ ಸಾಯುತ್ತಾನೆ. ನಾನು ಹತ್ತುತ್ತಿದ್ದೆ, ಅಣ್ಣ ಸಾಯುತ್ತಿದ್ದ. ಅಷ್ಟರಲ್ಲಿ ಕರೆಂಟ್ ಹೋದರೆ ಮುಗಿಯಿತು, ಮತ್ತೆ ಮೊದಲನೇ ಸ್ಟೇಜಿನಿಂದ ಶುರು.

ಅಣ್ಣ ಪಿಯುಸಿ ಮುಗಿಸಿದ ವರ್ಷ ನಮ್ಮ ತೋಟದ ಬೋರ್‌ವೆಲ್ ಬತ್ತಿತು. ಮನೆಯಲ್ಲಿ ಒಬ್ಬರ ಫೀಸಿಗೆ ಸಾಕಾಗುವಷ್ಟು ಮಾತ್ರ ದುಡ್ಡಿತ್ತು. ಅವನು ತೋಟಕ್ಕೆ ಇಳಿದ, ನಾನು ಮುಂದೆ ಓದಿದೆ. ಡಿಗ್ರಿ ಮುಗಿಸಿ ಕೆಲಸ ಹುಡುಕಲು ಬೆಂಗಳೂರಿಗೆ ಬಂದೆ. ವಿಜಯನಗರದಲ್ಲಿ ಮೂವರಿಗೊಂದು ರೂಮು. ಎಂಟು ತಿಂಗಳಾದರೂ ಕೆಲಸವಿಲ್ಲ. ಒಂದು ಕಂಪನಿಯಲ್ಲಿ ಕೊನೆಯ ಸುತ್ತಿನವರೆಗೆ ಹೋಗಿದ್ದೆ. ಆ ಧೈರ್ಯದಲ್ಲಿ ಮನೆಗೆ ಫೋನ್ ಮಾಡಿ, ‘ಕೆಲಸ ಆದಂಗೇ, ಆಫರ್ ಲೆಟರ್ ಬರೋದಷ್ಟೇ ಬಾಕಿ’ ಎಂದೆ. ಲೆಟರ್ ಬರಲಿಲ್ಲ. ಅದನ್ನು ಮನೆಗೆ ಹೇಳುವ ಧೈರ್ಯವೂ ಬರಲಿಲ್ಲ. ಆಮೇಲೆ ಅಣ್ಣನ ಫೋನ್ ಎತ್ತುವುದನ್ನೇ ಕಡಿಮೆ ಮಾಡಿದೆ.

ಒಂದು ರಾತ್ರಿ ರೂಮಿನ ಗೆಳೆಯ ತನ್ನ ಪ್ಲೇಸ್ಟೇಷನ್ 4ರಲ್ಲಿ ಏನೋ ಆಡುತ್ತಿದ್ದ. ಆ ಸಂಗೀತ ಕಿವಿಗೆ ಬಿದ್ದಿದ್ದೇ ಎದ್ದು ಕುಳಿತೆ. ಕಾಂಟ್ರಾ! ಕೊನಾಮಿ ಕಂಪನಿ ತನ್ನ 50ನೇ ವರ್ಷದ ನೆನಪಿಗೆ 2019ರಲ್ಲಿ ತಂದ ‘ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್’ ಅದು. 1987ರ ಮೂಲ ಆರ್ಕೇಡ್ ಆಟವೂ ಸೇರಿ ಹತ್ತು ಆಟಗಳನ್ನು ಒಂದೇ ಕಡೆ ಕೊಟ್ಟಿದ್ದಾರೆ. ಮನುಷ್ಯರ ಬದಲು ರೋಬಾಟ್‌ಗಳನ್ನು ಇಟ್ಟು ಯುರೋಪಿನಲ್ಲಿ ಮಾರಿದ ಆವೃತ್ತಿಯೂ ಅದರಲ್ಲಿದೆ. ಹತ್ತು ಎಂದರೆ ಹತ್ತೇ. ನಮ್ಮ ಕ್ಯಾಸೆಟ್‌ನಂತೆ ಸುಳ್ಳು ಲೆಕ್ಕವಿಲ್ಲ.

ಹಳೆಯ ಆಟಗಳನ್ನು ಹೀಗೆ ಕಟ್ಟಿಕೊಡುವುದು ಹೊಸದೇನಲ್ಲ. ನಿಂಟೆಂಡೊ 1993ರಲ್ಲೇ ‘ಸೂಪರ್ ಮಾರಿಯೊ ಆಲ್-ಸ್ಟಾರ್ಸ್’ ಹೆಸರಿನಲ್ಲಿ ನಾಲ್ಕು ಮಾರಿಯೊ ಆಟಗಳನ್ನು ಹೊಸ ಯಂತ್ರಕ್ಕೆ ತಂದಿತ್ತು. 2016ರಲ್ಲಿ 30 ಆಟಗಳನ್ನು ತುಂಬಿದ ಅಂಗೈಯಗಲದ ‘ಎನ್‌ಇಎಸ್ ಕ್ಲಾಸಿಕ್’ ಮಾರಿತು. ಆದರೆ ಎಲ್ಲ ಆಟಗಳಿಗೂ ಈ ಭಾಗ್ಯವಿಲ್ಲ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಕ್ಲಾಸಿಕ್ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ ಎಂದು ಅಲ್ಲಿನ ‘ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್’ 2023ರ ಅಧ್ಯಯನದಲ್ಲಿ ಹೇಳಿದೆ.

ಗೆಳೆಯ ಎರಡನೇ ಕಂಟ್ರೋಲರ್ ಕೊಟ್ಟ. ಆಡಿದೆವು. ಜಲಪಾತ ಬಂದಾಗ ಅವನು ಸರಸರನೆ ಹತ್ತಿಬಿಟ್ಟ. ಕೆಳಗೆ ಉಳಿದ ನಾನು ಸತ್ತೆ. ಅಣ್ಣ ಯಾಕೆ ಅಷ್ಟು ಜೋರಾಗಿ ಕೂಗುತ್ತಿದ್ದ ಎಂದು ಅವತ್ತು ಗೊತ್ತಾಯಿತು.

ದೀಪಾವಳಿಗೆ ಊರಿಗೆ ಹೊರಟಾಗ ಗೆಳೆಯನನ್ನು ಕಾಡಿ ಬೇಡಿ ಆ ಪ್ಲೇಸ್ಟೇಷನ್ ಅನ್ನು ಬಟ್ಟೆಯಲ್ಲಿ ಸುತ್ತಿ ಒಯ್ದೆ. ನೋಡಿದ್ದೇ ಅಣ್ಣ ಅಟ್ಟ ಹತ್ತಿ ಹಳೆಯ ಯಂತ್ರವನ್ನೂ ಗನ್ನನ್ನೂ ಇಳಿಸಿದ. ಧೂಳು ಒರೆಸಿ ಹಾಕಿದರೆ ಅದು ಇನ್ನೂ ನಡೆಯುತ್ತಿದೆ! ಆದರೆ ಡಕ್ ಹಂಟ್‌ನ ಒಂದು ಬಾತುಕೋಳಿಯೂ ಬೀಳಲಿಲ್ಲ. ಕಾರಣ ಗನ್ ಅಲ್ಲ, ಟಿವಿ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕನ್ನು ಹಿಡಿಯಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ವೇಗಕ್ಕೆ ಹೊಂದಿಸಿದ ಲೆಕ್ಕವದು. ಈಗಿನ ಎಲ್‌ಇಡಿ ಪರದೆ ಆ ಚಿತ್ರ ತೋರಿಸುವಷ್ಟರಲ್ಲಿ ಗಳಿಗೆ ಮೀರಿರುತ್ತದೆ. ಎನ್‌ಇಎಸ್ ಕ್ಲಾಸಿಕ್‌ನ 30 ಆಟಗಳಲ್ಲೂ ಡಕ್ ಹಂಟ್ ಇಲ್ಲ.

ಸರಿ ಎಂದು ಕಾಂಟ್ರಾ ಹಾಕಿದೆವು. ‘ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ ಎ’ – ಮೂರು ಲೈಫ್ ಮೂವತ್ತಾಗುವ ಮಂತ್ರ ಅಣ್ಣನ ಬೆರಳಿಗೆ ಇನ್ನೂ ನೆನಪಿತ್ತು. ಕಝುಹಿಸಾ ಹಾಶಿಮೊಟೊ ಎಂಬ ಪ್ರೋಗ್ರಾಮರ್, ಪರೀಕ್ಷಿಸುವಾಗ ತನಗೇ ಕಷ್ಟವಾಯಿತೆಂದು ‘ಗ್ರೇಡಿಯಸ್’ ಎಂಬ ಆಟದಲ್ಲಿ 1986ರಲ್ಲಿ ಇಂಥದೊಂದು ಕೋಡ್ ಇಟ್ಟಿದ್ದನಂತೆ ಎಂದೆ. ‘ಮಾಡಿದವನಿಗೇ ಕಷ್ಟ ಆಗಿದ್ರೆ ನಮ್ಮದೇನ್ ಬಿಡು’ ಎಂದು ನಕ್ಕ.

ಜಲಪಾತ ಬಂತು. ಈ ಸಲ ನಾನು ಮೊದಲ ಬಂಡೆಯಲ್ಲೇ ನಿಂತೆ. ‘ಯಾಕೋ, ಹತ್ತು’ ಎಂದ. ‘ಅಣ್ಣ, ಆ ಆಫರ್ ಲೆಟರ್ ಬರಲ್ಲ. ನಾನು ಸುಳ್ಳು ಹೇಳಿದ್ದೆ’ ಎಂದೆ. ಕಣ್ಣು ಟಿವಿಯ ಮೇಲೇ ಇತ್ತು. ಅವನು ಆಟ ನಿಲ್ಲಿಸಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ನಿನ್ನ ಸಂಬಳ ನಂಬ್ಕೊಂಡು ಡ್ರಿಪ್ ಪೈಪಿಗೆ ಅಡ್ವಾನ್ಸ್ ಕೊಟ್ಟಿದ್ದೀನಿ ಕಣೋ. ಮೊದ್ಲೇ ಹೇಳೋಕೇನಾಗಿತ್ತು?’

ಬೈದಿದ್ದರೆ ಹಗುರಾಗುತ್ತಿತ್ತೇನೋ. ನನ್ನ ಒಂದು ಸುಳ್ಳಿನ ಮೇಲೆ ಪರದೆ ಮತ್ತೆ ಮೇಲೆ ಸರಿದಿತ್ತು, ಕೆಳಗಿದ್ದವನು ಮತ್ತೆ ಅವನೇ. ಮರುದಿನ ಬೆಳಿಗ್ಗೆ ಇಬ್ಬರೂ ಬೈಕಿನಲ್ಲಿ ಹೊಸದುರ್ಗಕ್ಕೆ ಹೋದೆವು. ಅಂಗಡಿಯವರಿಗೆ ನಾನೇ ವಿಷಯ ಹೇಳಿದೆ. ಅರ್ಧ ಎಕರೆಗೆ ಸಾಕಾಗುವಷ್ಟು ಪೈಪ್ ಮಾತ್ರ ತೆಗೆದುಕೊಂಡು ಬಂದೆವು.

ರಾತ್ರಿ ಅಣ್ಣನೇ ಮತ್ತೆ ಟಿವಿ ಹಾಕಿದ. ಅರ್ಧ ಜಲಪಾತ ಹತ್ತುವಷ್ಟರಲ್ಲಿ ಅಮ್ಮ ಊಟಕ್ಕೆ ಕರೆದರು. ಆಟ ಸೇವ್ ಮಾಡಿದೆ. ‘ಕರೆಂಟ್ ಹೋದ್ರೂ ಇಲ್ಲಿಂದ್ಲೇ ಶುರುನಾ?’ ಎಂದು ಎರಡು ಸಲ ಕೇಳಿದ.

ನಾನಿನ್ನೂ ಕೆಲಸ ಹುಡುಕುತ್ತಿದ್ದೇನೆ. ಆದರೆ ಪ್ರತಿ ಇಂಟರ್‌ವ್ಯೂ ಆದ ಮೇಲೆ ಮೊದಲ ಫೋನ್ ಅಣ್ಣನಿಗೇ, ಆದದ್ದು ಆದ ಹಾಗೆ. ಹಳೆಯ ಆಟಗಳನ್ನು ಕಂಪನಿಗಳು ಮತ್ತೆ ಮತ್ತೆ ಮಾರಬಹುದು. ಆದರೆ ಎರಡನೇ ರಿಮೋಟ್ ಹಿಡಿದು ನಮ್ಮ ಪಕ್ಕ ಕೂತಿದ್ದವರನ್ನು ನಾವೇ ಕರೆಯಬೇಕು. ಗೆಳೆಯನ ಪ್ಲೇಸ್ಟೇಷನ್‌ನಲ್ಲಿ ನಾವಿಬ್ಬರೂ ಆ ಜಲಪಾತದ ನಡುವೆ ಒಂದೇ ಬಂಡೆಯ ಮೇಲೆ ನಿಂತಿದ್ದೇವೆ. ಅದನ್ನು ಅಳಿಸಬೇಡ ಎಂದು ಅವನಿಗೆ ಹೇಳಿಟ್ಟಿದ್ದೇನೆ.