ಪಟ್ಟಿ ಅಳಿಸಿದ್ದು ವೈರಸ್ ಅಲ್ಲ

ನಮ್ಮ ಪುಸ್ತಕ ಪೆಟ್ಟಿಗೆಯ ಪಟ್ಟಿ ಕಂಪ್ಯೂಟರಿನಿಂದ ಅಳಿಸಿಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ವೈರಸ್ ಬಂತು ಅಂತ ಕೆಲವರು ಹೇಳ್ತಿದ್ದಾರೆ. ವೈರಸ್ಸೂ ಅಲ್ಲ, ಏನೂ ಅಲ್ಲ, ತಪ್ಪು ನನ್ನದು. ಅದು ಹೇಗಾಯಿತು ಅಂತ ಇಲ್ಲಿ ಬರೆಯುತ್ತೇನೆ.

ಆ ಪ್ರೋಗ್ರಾಮನ್ನು ನಾನು ಪೈಥಾನ್ ಭಾಷೆಯಲ್ಲಿ ಬರೆದಿದ್ದೆ. ಅದರಲ್ಲಿ ‘ಕ್ಲಾಸ್’ ಎಂಬುದೊಂದಿದೆ. ನಾವು ಕೂರುವ ಕ್ಲಾಸ್ ಅಲ್ಲ! ಮಾಹಿತಿಯನ್ನೂ ಅದರ ಮೇಲೆ ನಡೆಸುವ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟು ಅದು. ಆ ಕೆಲಸಗಳಿಗೆ ಮೆಥಡ್ ಎನ್ನುತ್ತಾರೆ. ನನ್ನ ಕ್ಲಾಸಿನಲ್ಲಿ ಸೇರಿಸು, ಹುಡುಕು, ತೋರಿಸು, ಅಳಿಸು ಎಂಬ ನಾಲ್ಕು ಮೆಥಡ್‌ಗಳಿದ್ದವು. 2008ರಲ್ಲಿ ಬಂದ ಪೈಥಾನ್ 3ರಿಂದ ಇಂಥ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು.

ಆದರೆ ನಾವು ಕೀಲಿಮಣೆಯಲ್ಲಿ ‘ಹುಡುಕು’ ಅಂತ ಟೈಪ್ ಮಾಡಿದರೆ ಅದು ಪೈಥಾನಿಗೆ ಬರೀ ಅಕ್ಷರಗಳ ಸಾಲು, ಮೆಥಡ್ ಅಲ್ಲ. ಅದಕ್ಕೇ ಮೊದಲು ‘ಈ ಪದ ಬಂದರೆ ಈ ಕೆಲಸ, ಆ ಪದ ಬಂದರೆ ಆ ಕೆಲಸ’ ಅಂತ ಎಂಟು ಸಾಲು ಬರೆದಿದ್ದೆ. ಆಮೇಲೆ ಮೇಷ್ಟ್ರು ‘ಗೆಟ್‌ಆಟ್ರ್’ ತೋರಿಸಿಕೊಟ್ಟರು. ಅದಕ್ಕೆ ಪಟ್ಟಿಯನ್ನೂ ಟೈಪ್ ಮಾಡಿದ ಪದವನ್ನೂ ಕೊಟ್ಟರೆ, ಆ ಹೆಸರಿನ ಮೆಥಡನ್ನು ಹುಡುಕಿ ಕೊಡುತ್ತದೆ. ಕೊಡುತ್ತದೆ ಅಷ್ಟೇ, ನಡೆಸುವುದಿಲ್ಲ. ಹಾಜರಿ ಪುಸ್ತಕ ನೋಡಿ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ. ‘ಪದ್ಯ ಹೇಳು’ ಅಂತ ಬೇರೆ ಹೇಳಬೇಕು. ಮುಂದೆ ಆವರಣ ಚಿಹ್ನೆ ಹಾಕುವುದೇ ಹಾಗೆ ಹೇಳುವುದು. ಇದನ್ನು ಮರೆತು ಒಂದು ಇಡೀ ಸಂಜೆ ಕಳೆದೆ.

ಎಂಟು ಸಾಲು ಒಂದೇ ಸಾಲಾಯಿತು. ಜಂಬದಿಂದ ಎಲ್ಲರಿಗೂ ಬಿಟ್ಟುಕೊಟ್ಟೆ. ಮೂರನೇ ದಿನ ಐದನೇ ಕ್ಲಾಸಿನ ಹುಡುಗನೊಬ್ಬ ‘ಅಳಿಸು’ ಅಂತ ಕೊಟ್ಟ. ಸ್ಲೇಟು ಒರೆಸಿದ ಹಾಗೆ ಪರದೆ ಒರೆಸುತ್ತೆ ಅಂದುಕೊಂಡಿದ್ದನಂತೆ. 140 ಪುಸ್ತಕಗಳ ಪಟ್ಟಿ, ಯಾರು ಯಾವುದನ್ನು ಒಯ್ದಿದ್ದಾರೆ ಎಂಬುದರ ಸಮೇತ, ಹೋಯಿತು. ಅವನನ್ನು ಬೈಯಬೇಡಿ. ಆ ‘ಅಳಿಸು’ ನಾನು ಪರೀಕ್ಷೆ ಮಾಡಲು ಬರೆದುಕೊಂಡಿದ್ದು. ಗೆಟ್‌ಆಟ್ರ್ ಕೇಳಿದವರು ಯಾರು ಅಂತ ನೋಡುವುದಿಲ್ಲ. ಆ ಹೆಸರು ಇದ್ದರೆ ತಂದು ಕೊಟ್ಟೇಬಿಡುತ್ತದೆ.

ಈಗ ಒಂದು ‘ಡಿಕ್ಷನರಿ’ ಮಾಡಿದ್ದೇನೆ. ಅದರಲ್ಲಿ ಮೂರೇ ಪದ, ಒಂದೊಂದರ ಎದುರಿಗೆ ಅದರ ಮೆಥಡ್. ಬೇರೆ ಏನು ಟೈಪ್ ಮಾಡಿದರೂ ‘ಆ ಕೆಲಸ ಇಲ್ಲ’ ಅನ್ನುತ್ತದೆ. ಪದದ ಹಿಂದೆ ಮುಂದೆ ಖಾಲಿ ಜಾಗ ಬಿಟ್ಟರೂ ತೊಂದರೆಯಿಲ್ಲ, ‘ಸ್ಟ್ರಿಪ್’ ಅದನ್ನು ತೆಗೆದುಹಾಕುತ್ತದೆ.

ಪಟ್ಟಿಯನ್ನು ಮತ್ತೆ ಮೊದಲಿಂದ ಟೈಪ್ ಮಾಡ್ತಾ ಇದ್ದೇನೆ. ಪುಸ್ತಕ ಮನೆಗೆ ಒಯ್ದವರು ದಯವಿಟ್ಟು ಅದರ ಹೆಸರು, ನಿಮ್ಮ ಹೆಸರು ಚೀಟಿಯಲ್ಲಿ ಬರೆದು ಶನಿವಾರದೊಳಗೆ ನನಗೆ ಕೊಡಿ.